'ಅಟ್ ರಿಸ್ಕ್' ಮತ್ತು 'ಇಮೀಡಿಯೆಟ್ಲಿ ಡೇಂಜರಸ್': ಬ್ರಿಟನ್ನಿನ ಗ್ಯಾಸ್ ತಪಾಸಣೆಯ ಎರಡು ಪದಗಳು

ಬ್ರಿಟನ್ನಿನಲ್ಲಿ ಗ್ಯಾಸ್ ಸಂಪರ್ಕ ಇರುವ ಮನೆಯನ್ನು ಬಾಡಿಗೆಗೆ ಹಿಡಿದರೆ, ಮನೆ ಮಾಲೀಕರು ನಿಮಗೊಂದು ಗ್ಯಾಸ್ ಸುರಕ್ಷತಾ ದಾಖಲೆ ಕೊಡಲೇಬೇಕು. ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ತಪಾಸಣೆಯಾದ 28 ದಿನದೊಳಗೆ ಆ ದಾಖಲೆಯ ಒಂದು ನಕಲು ಬಾಡಿಗೆದಾರರ ಕೈ ಸೇರಬೇಕು. ಬಾಯಿಮಾತಿನಲ್ಲಿ ಈಗಲೂ ಅದಕ್ಕೆ 'ಸಿಪಿ12' ಅಂತಲೇ ಹೆಸರು. ಹಿಂದೆ ಗ್ಯಾಸ್ ಕೆಲಸಗಾರರ ನೋಂದಣಿ ನೋಡಿಕೊಳ್ಳುತ್ತಿದ್ದ 'ಕಾರ್ಗಿ' ಸಂಸ್ಥೆಯ ನಮೂನೆಯ ಹೆಸರು ಅದು. 2009ರ ಏಪ್ರಿಲ್‌ನಲ್ಲಿ ಕಾರ್ಗಿ ಹೋಗಿ 'ಗ್ಯಾಸ್ ಸೇಫ್ ರಿಜಿಸ್ಟರ್' ಬಂತು, ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು.

ಕೆಲವೊಮ್ಮೆ ಆ ಕಾಗದದಲ್ಲಿ ಬಾಯ್ಲರ್ (ಮನೆಯನ್ನು ಬೆಚ್ಚಗಿಡುವ, ನೀರು ಕಾಯಿಸುವ ಗ್ಯಾಸ್ ಉಪಕರಣ) ಹೆಸರಿನ ಎದುರು 'ಎಆರ್' ಅಥವಾ 'ಐಡಿ' ಎಂದು ಎರಡೇ ಅಕ್ಷರ ಬರೆದಿರುತ್ತದೆ. ಎಆರ್ ಎಂದರೆ 'ಅಟ್ ರಿಸ್ಕ್'. ಐಡಿ ಎಂದರೆ 'ಇಮೀಡಿಯೆಟ್ಲಿ ಡೇಂಜರಸ್'. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೊಸದಾಗಿ ಹೋದ ನಮ್ಮವರು ಇದನ್ನು ನೋಡಿ ಗಾಬರಿ ಬೀಳುವುದುಂಟು, ಇಲ್ಲವೇ ಏನೂ ಆಗಿಲ್ಲ ಎಂಬಂತೆ ಮಡಿಸಿಡುವುದುಂಟು. ಎರಡೂ ತಪ್ಪೇ. ಈ ಅಕ್ಷರಗಳ ಹಿಂದೆ ಏನಿದೆ ಅಂತ ಗೊತ್ತಿದ್ದರೆ ಮುಂದೇನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ. ಇವು ಕಾನೂನಿನ ಪದಗಳಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಗ್ಯಾಸ್ ಕೆಲಸವನ್ನು ನಿಯಂತ್ರಿಸುವುದು 1998ರ ಗ್ಯಾಸ್ ಸುರಕ್ಷತಾ ನಿಯಮಗಳು. ಅಪಾಯವಿದೆ ಅಂತ ಗೊತ್ತಿದ್ದರೆ, ಅಥವಾ ಅನುಮಾನಿಸಲು ಕಾರಣವಿದ್ದರೆ, ಆ ಉಪಕರಣವನ್ನು ಬಳಸಬಾರದು, ಬೇರೆಯವರಿಗೂ ಬಳಸಲು ಬಿಡಬಾರದು ಎನ್ನುತ್ತದೆ ಅದರ 34ನೇ ನಿಯಮ. 'ಅಪಾಯ' ಎಂಬ ಈ ಒಂದು ಮಾತನ್ನು ಅಡುಗೆಮನೆಯ ಮೂಲೆಯಲ್ಲಿ ಟಾರ್ಚ್ ಹಿಡಿದು ಕೂತ ಎಂಜಿನಿಯರ್ ಹೇಗೆ ಅಳೆಯಬೇಕು? ಅದಕ್ಕಾಗಿ ಗ್ಯಾಸ್ ಉದ್ಯಮವೇ ಒಂದು ಕ್ರಮ ಮಾಡಿಕೊಂಡಿದೆ. ಅದರ ಹೆಸರು 'ಗ್ಯಾಸ್ ಇಂಡಸ್ಟ್ರಿ ಅನ್‌ಸೇಫ್ ಸಿಚುಯೇಷನ್ಸ್ ಪ್ರೊಸೀಜರ್'. ಗ್ಯಾಸ್ ಎಂಜಿನಿಯರುಗಳ ವೃತ್ತಿಸಂಸ್ಥೆ ಐಜಿಇಎಂ ಅದನ್ನು 'ಜಿ-11' ಎಂಬ ದಾಖಲೆಯಾಗಿ ಪ್ರಕಟಿಸುತ್ತದೆ. ಎಆರ್, ಐಡಿ ಎರಡೂ ಅಲ್ಲಿಯ ಪದಗಳು.

ಉಪಕರಣವನ್ನು ಚಾಲೂ ಮಾಡಿದರೆ, ಅಥವಾ ಗ್ಯಾಸ್ ಲೈನಿಗೆ ಜೋಡಿಸಿಯೇ ಬಿಟ್ಟರೆ, ಜೀವಕ್ಕೋ ಆಸ್ತಿಗೋ ಆಗಲೇ ಅಪಾಯ ಇದೆ ಅಂತಾದರೆ ಅದು ಐಡಿ. ತಪ್ಪು ಇದೆ, ಅದರಿಂದ ಅಪಾಯ ಆಗಬಹುದು, ಆದರೆ ಈ ಹೊತ್ತಿಗೆ ಆಗುತ್ತಿಲ್ಲ ಅಂತಾದರೆ ಅದು ಎಆರ್. ಹಿಂದೆ ಮೂರನೆಯದೊಂದು ವರ್ಗ ಇತ್ತು, 'ಈಗಿನ ಮಾನದಂಡಕ್ಕೆ ತಕ್ಕಂತಿಲ್ಲ' ಅಂತ. ಅದನ್ನು ತೆಗೆದರು. ತೆಗೆದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಹಳೆಯದಾದರೂ ಸರಿಯಾಗಿ ಕೆಲಸ ಮಾಡುವ ಉಪಕರಣ ಅಪಾಯಕಾರಿ ವಸ್ತುಗಳ ಸಾಲಿನಲ್ಲಿ ನಿಂತರೆ, ನಿಜವಾದ ಎಚ್ಚರಿಕೆಯ ಬೆಲೆ ಇಳಿಯುತ್ತದೆ ಅಲ್ವಾ? ಈಗ ಅಂಥದ್ದನ್ನು ಸಲಹೆಯಾಗಿ ಬರೆಯುತ್ತಾರೆ, ಅಷ್ಟೇ.

ಕಾಗದದ ಮೇಲೆ ಇದು ಸುಲಭ. ಮನೆಯೊಳಗೆ ಹೇಗೆ ನಿರ್ಧರಿಸುತ್ತಾರೆ ಅನ್ನುವುದೇ ಮುಖ್ಯ.

ಕೋಣೆಯ ಗಾಳಿಯನ್ನೇ ಬಳಸಿ ಉರಿದು, ಹೊಗೆಯನ್ನು ಚಿಮಣಿಯಂಥ ಕೊಳವೆಯಲ್ಲಿ ಮೇಲೆ ಕಳಿಸುವ ಹಳೆಯ ಬಾಯ್ಲರ್ ಒಂದಿದೆ ಅಂದುಕೊಳ್ಳಿ. ಎಂಜಿನಿಯರ್ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚುತ್ತಾರೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಪೂರ್ತಿ ವೇಗಕ್ಕೆ ಹಾಕುತ್ತಾರೆ. ಪರಿಸ್ಥಿತಿ ಎಷ್ಟು ಕೆಟ್ಟದಾಗಿರಬಹುದೋ ಅಷ್ಟು ಕೆಟ್ಟದಾಗಿ ಮಾಡಿಯೇ ಪರೀಕ್ಷಿಸಬೇಕು. ಬಾಯ್ಲರ್ ಸುಮಾರು ಐದು ನಿಮಿಷ ಉರಿಯುತ್ತದೆ. ಆಮೇಲೆ ಹೊಗೆ ಬರುವ ಕಡ್ಡಿಯೊಂದನ್ನು ಹಚ್ಚಿ, ಕೊಳವೆಯ ಬುಡದಲ್ಲಿರುವ ತೆರೆದ ಭಾಗದ ಅಂಚಿಗೆ ಹಿಡಿಯುತ್ತಾರೆ. ಹೊಗೆ ಒಳಕ್ಕೆ ಸರಿದು ಮೇಲೆ ಹೋದರೆ ಸರಿ. ಕೋಣೆಯತ್ತ ತಿರುಗಿದರೆ ಇನ್ನೂ ಹತ್ತು ನಿಮಿಷ ಉರಿಯಲು ಬಿಟ್ಟು ಮತ್ತೆ ನೋಡುತ್ತಾರೆ. ಕೊಳವೆ ಬಿಸಿಯಾದ ಮೇಲಾದರೂ ಎಳೆಯಬಹುದು. ಆಗಲೂ ಹೊಗೆ ಹೊರಕ್ಕೇ ಬಂತೋ, ಐಡಿ. ಬಾಯ್ಲರಿನಿಂದ ಬರುವ ಅನಿಲಗಳು ನಿಮ್ಮ ಮನೆಯೊಳಗೇ ಸುರಿಯುತ್ತಿವೆ ಎಂದರ್ಥ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸಿಗೆ ಸೇರಿಸುವ ವಾಸನೆ ಸೋರಿಕೆಯನ್ನು ಹೇಳುತ್ತದೆ, ಇದನ್ನು ಹೇಳುವುದಿಲ್ಲ.

ಅದೇ ಬಾಯ್ಲರ್, ಅದೇ ಕೋಣೆ. ಹೊಗೆ ಚೆನ್ನಾಗಿ ಮೇಲೆ ಹೋಗುತ್ತಿದೆ, ಜ್ವಾಲೆಯೂ ನೀಲಿಯಾಗಿದೆ. ಆದರೆ ಗೋಡೆಯ ಗಾಳಿಕಿಂಡಿ ಇರಬೇಕಾದ ಅಳತೆಗಿಂತ ಚಿಕ್ಕದು. ಇದು ಸಾಮಾನ್ಯವಾಗಿ ಎಆರ್. ಇವತ್ತು ಏನೂ ಆಗುತ್ತಿಲ್ಲ, ನಾಳೆ ಯಾರೋ ಹೊಸ ಕಿಟಕಿ ಕೂರಿಸಿ ಸಂದುಗಳನ್ನೆಲ್ಲ ಮುಚ್ಚಿದರೆ ಆಗಬಹುದು. ಚಳಿಗಾಲದಲ್ಲಿ ತಣ್ಣಗಿನ ಗಾಳಿ ಬರುತ್ತದೆ ಅಂತ ಕಿಂಡಿಗೆ ಬಟ್ಟೆ, ಪೇಪರ್ ತುರುಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೇಲ್ನೋಟಕ್ಕೆ ತಪ್ಪು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರಿಂದ ವರ್ಗ ನಿರ್ಧಾರವಾಗುವುದಿಲ್ಲ. ಅದನ್ನು ಹಾಗೇ ಬಿಟ್ಟು ಹೋದರೆ ಮುಂದಿನ ಗಂಟೆಯಲ್ಲಿ ಈ ಮನೆಯವರಿಗೆ ಏನಾಗುತ್ತದೆ ಅನ್ನುವುದರಿಂದ ಆಗುತ್ತದೆ. ತುಕ್ಕು ಹಿಡಿದ, ಕವಚ ಜಜ್ಜಿಹೋದ ಬಾಯ್ಲರ್ ಸುರಕ್ಷಿತವಾಗಿರಬಹುದು. ಹೊಳೆಯುವ ಹೊಸ ಬಾಯ್ಲರ್ ಐಡಿ ಆಗಬಹುದು.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಫ್ಲಾಟುಗಳ ಮುಚ್ಚಿದ ಕೊಳವೆಗಳದ್ದು. ಫ್ಲಾಟಿನ ಮಧ್ಯದಲ್ಲೆಲ್ಲೋ ಬಾಯ್ಲರ್ ಇಟ್ಟು, ಅದರ ಹೊಗೆ ಕೊಳವೆಯನ್ನು ಫಾಲ್ಸ್ ಸೀಲಿಂಗ್ ಮೇಲಿಂದ ಹೊರಗೋಡೆಯವರೆಗೆ ಎಳೆದ ಮನೆಗಳು ಅಲ್ಲಿ ಬೇಕಾದಷ್ಟಿವೆ. ಕೊಳವೆಯ ಜೋಡಣೆ ಒಂದು ಕಡೆ ಬಿಟ್ಟುಕೊಂಡರೂ ಯಾರಿಗೂ ಕಾಣುವುದಿಲ್ಲ. ಹೊಗೆ ನಿಮ್ಮ ಮನೆಗೂ ಬರಬಹುದು, ಪಕ್ಕದ ಮನೆಗೂ ಹೋಗಬಹುದು. ಹಾಗಾಗಿ 300 ಮಿಲಿಮೀಟರ್ ಚದರದ ತಪಾಸಣೆ ಕಿಂಡಿಗಳನ್ನು ಕೂರಿಸಿ ಅಂತ ಮಾಲೀಕರಿಗೆ 2012ರ ಕೊನೆಯವರೆಗೆ ಸಮಯ ಕೊಟ್ಟರು. 2013ರ ಜನವರಿ 1ರಿಂದ, ಕಿಂಡಿ ಇಲ್ಲದೆ ಕೊಳವೆಯನ್ನು ನೋಡಲಾಗದಿದ್ದರೆ ಅದು ಎಆರ್. ಗಮನಿಸಿ, ಕಣ್ಣಿಗೆ ಬಿದ್ದ ತಪ್ಪು ಒಂದೂ ಇಲ್ಲ. ಸುರಕ್ಷಿತ ಅಂತ ಹೇಳಲು ಆಧಾರವಿಲ್ಲ ಅನ್ನುವುದೇ ಕಾರಣ. ಹೊಗೆ ಸೋರುತ್ತಿರುವ ಗುರುತು ಸಿಕ್ಕಿದರೆ ಮಾತ್ರ ಅದು ಐಡಿಗೆ ಏರುತ್ತದೆ. ಕಿಂಡಿ ಕೂರಿಸುವ ಖರ್ಚು ಯಾರದ್ದು ಅಂತ ಮಾಲೀಕರು ಜಗಳ ಆಡಬಹುದು. ಈ ನಿಯಮ ಮಾತ್ರ ಸರಿಯಾದದ್ದೇ.

ಇನ್ನು ಗ್ಯಾಸ್ ಸೋರಿಕೆಯದ್ದು. ಮೀಟರಿನ ಬಳಿ ಒತ್ತಡವನ್ನು 20 ಮಿಲಿಬಾರ್ ಸುಮಾರಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಎರಡು ನಿಮಿಷ ಮಾಪಕ ನೋಡುತ್ತಾರೆ. ಮೀಟರಿನ ಗಾತ್ರದ ಮೇಲೆ ಅಲ್ಪಸ್ವಲ್ಪ ಇಳಿಕೆಗೆ ಅವಕಾಶವಿದೆ. ಆದರೆ ವಾಸನೆ ಬರುತ್ತಿದ್ದರೆ ಅದಕ್ಕೂ ಅವಕಾಶವಿಲ್ಲ.

ಹೆಸರು ಕೊಟ್ಟ ಮೇಲೆ ಏನಾಗುತ್ತದೆ? ಎಆರ್ ಆದರೆ ಮನೆಯವರ ಒಪ್ಪಿಗೆ ಪಡೆದು ಉಪಕರಣ ಆಫ್ ಮಾಡಿ, 'ಬಳಸಬೇಡಿ' ಎಂಬ ಲೇಬಲ್ ಕಟ್ಟುತ್ತಾರೆ. ಐಡಿ ಆದರೆ ಆಫ್ ಮಾಡಿದರೆ ಸಾಲದು, ಒಪ್ಪಿಗೆ ಪಡೆದು ಗ್ಯಾಸ್ ಲೈನಿನಿಂದಲೇ ಬಿಚ್ಚುತ್ತಾರೆ. ಎರಡರಲ್ಲೂ ಎಚ್ಚರಿಕೆ ಪತ್ರ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. 'ಒಪ್ಪಿಗೆ' ಅನ್ನುವುದನ್ನು ಮರೆಯಬೇಡಿ. ಬೇಡ ಅಂದವರ ಮನೆಯಲ್ಲಿ ಬಲವಂತವಾಗಿ ಬಿಚ್ಚುವ ಅಧಿಕಾರ ಎಂಜಿನಿಯರಿಗಿಲ್ಲ. ಐಡಿ ಉಪಕರಣವನ್ನು ಬಿಚ್ಚಲು ಮನೆಯವರು ಬಿಡದಿದ್ದರೆ ಎಂಜಿನಿಯರ್ ಗ್ಯಾಸ್ ತುರ್ತು ಸೇವೆಗೆ ಫೋನ್ ಮಾಡುತ್ತಾರೆ. ಒಳಗೆ ಬಂದು ಪೂರೈಕೆ ನಿಲ್ಲಿಸುವ ಅಧಿಕಾರ ಆ ಸೇವೆಯವರಿಗಿದೆ. ಉಪಕರಣ ಕೂರಿಸಿದ ರೀತಿ, ಅಥವಾ ಯಾರೋ ಮಾಡಿದ ರಿಪೇರಿಯೇ ಜೀವಕ್ಕೆ ಕುತ್ತು ತರುವಂತಿದ್ದರೆ, ಎಂಜಿನಿಯರ್ 14 ದಿನದೊಳಗೆ ಸರ್ಕಾರದ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಗೆ ವರದಿಯನ್ನೂ ಕೊಡಬೇಕು.

ಎಂಜಿನಿಯರಿಗೆ ಕಷ್ಟ ಬರುವುದು ಇಲ್ಲೇ. ಡಿಸೆಂಬರಿನ ಚಳಿ, ಮನೆಯಲ್ಲಿ ಹಸುಗೂಸು, ಇರುವ ಒಂದೇ ಬಾಯ್ಲರ್. "ಇವತ್ತೊಂದು ರಾತ್ರಿ ಬಿಟ್ಟುಬಿಡಿ, ನಾಳೆ ಮಾಡಿಸ್ತೀವಿ" ಅಂತ ಮನೆಯವರು ಕೇಳಿಕೊಳ್ಳುತ್ತಾರೆ. ಐಡಿಯನ್ನು ಎಆರ್ ಅಂತ ಬರೆದುಬಿಡೋಣ ಅಂತ ಮನಸ್ಸು ಎಳೆಯುತ್ತದೆ. ಆದರೆ ಎಂಜಿನಿಯರಿನ ಕರುಣೆ ಸಲ್ಲಬೇಕಾದದ್ದು ಅಕ್ಷರ ಬದಲಿಸುವುದರಲ್ಲಲ್ಲ. ಒಂದು ಕರೆಂಟ್ ಹೀಟರ್ ಹೊಂದಿಸಿಕೊಡಲಿ, ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಲಿ. ಕಾರ್ಬನ್ ಮೊನಾಕ್ಸೈಡ್ ಮೊದಲು ಹಿಡಿಯುವುದೇ ರಾತ್ರಿ ಕಿಟಕಿ ಮುಚ್ಚಿ ಮಲಗಿದವರನ್ನು.

ನಮ್ಮೂರಿಗೂ ಇದರಲ್ಲಿ ತೆಗೆದುಕೊಳ್ಳುವುದಿದೆ. ಬೆಂಗಳೂರಿನಂಥ ಊರುಗಳಲ್ಲಿ ಮುಚ್ಚಿದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿ ಜೀವ ಹೋದ ಸುದ್ದಿಗಳನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಬ್ರಿಟನ್ನಿನ 1998ರ ನಿಯಮ ಬಚ್ಚಲಮನೆಗೆ ಒಂದೇ ಬಗೆಯ ಹೊಸ ಗ್ಯಾಸ್ ಉಪಕರಣವನ್ನು ಒಪ್ಪುತ್ತದೆ. ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನೂ ಹೊರಗೇ ಬಿಡುವ, ಕೋಣೆಯ ಗಾಳಿಗೆ ಸಂಬಂಧವೇ ಇಲ್ಲದ ಉಪಕರಣ ಅದು. ಕೊಳವೆಯೇ ಇಲ್ಲದ ಗೀಸರ್ ಮುಚ್ಚಿದ ಬಚ್ಚಲಿನಲ್ಲಿ ಉರಿಯುತ್ತಿದ್ದರೆ ಯಾವ ವರ್ಗ ಅಂತ ಯೋಚಿಸಲು ಹೆಚ್ಚು ಹೊತ್ತು ಬೇಕಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಗೀಸರನ್ನು ಹೊರಗಿನ ಗೋಡೆಗೆ, ಗಾಳಿಯಾಡುವ ಕಡೆಗೆ ಸಾಗಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ.

ಬ್ರಿಟನ್ನಿನಲ್ಲಿ ಇರುವವರಿಗೆ ಕೊನೆಯದಾಗಿ ಒಂದು ಮಾತು. ಲೇಬಲ್ ಕಟ್ಟಿದ ಉಪಕರಣವನ್ನು ನೀವೇ ಮತ್ತೆ ಚಾಲೂ ಮಾಡಬೇಡಿ. ರಿಪೇರಿ ಮಾಡಿ, ಪರೀಕ್ಷಿಸಿ, ಸರಿಯಾಗಿದೆ ಅಂತ ಬರೆದುಕೊಡಬೇಕಾದವರು ನೋಂದಾಯಿತ ಎಂಜಿನಿಯರ್. ಬಂದವರ ಗ್ಯಾಸ್ ಸೇಫ್ ಕಾರ್ಡನ್ನು ಕೇಳಿ ನೋಡಿ, ಅದರಲ್ಲಿ ಸಂಕೋಚ ಬೇಡ. ಮುಂಭಾಗದಲ್ಲಿ ಫೋಟೊ ಮತ್ತು ಅವಧಿ ಇರುತ್ತದೆ. ಯಾವ ಯಾವ ಉಪಕರಣದ ಕೆಲಸ ಅವರಿಗೆ ಬರುತ್ತದೆ ಅನ್ನುವುದು ಹಿಂಭಾಗದಲ್ಲಿರುತ್ತದೆ. ಬಾಯ್ಲರ್ ಕೆಲಸಕ್ಕೆ ಅರ್ಹತೆ ಇದ್ದವರಿಗೆ ಗ್ಯಾಸ್ ಫೈರಿನ (ಕೋಣೆ ಬೆಚ್ಚಗಾಗಿಸುವ ಗ್ಯಾಸ್ ಒಲೆ) ಅರ್ಹತೆಯೂ ಇರಬೇಕೆಂದೇನಿಲ್ಲ, ಹಾಗಾಗಿ ಕಾರ್ಡಿನ ಹಿಂಭಾಗವನ್ನೂ ತಿರುಗಿಸಿ ಓದಿ.