ಹೊರದೇಶದ ಸೇವೆಗೆ ತಯಾರಿ ನಮ್ಮೂರ ಕ್ಯಾಂಪಿನಲ್ಲೇ

"ಸರ್, ಇದಕ್ಕೆ ಎಷ್ಟು ದುಡ್ಡು ಕಟ್ಟಬೇಕು?" ವಿದೇಶದಲ್ಲಿ ಸ್ವಯಂಸೇವಕರಾಗಬೇಕು ಅಂತ ಬರುವ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದೇ ಇದನ್ನು. ಹನ್ನೊಂದು ವರ್ಷದಿಂದ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ನೋಡಿಕೊಳ್ಳುತ್ತಿದ್ದೇನೆ. ಕೆಲವರ ಫೋನಿನಲ್ಲಿ ಯಾವುದೋ ಏಜೆನ್ಸಿಯ ಜಾಹೀರಾತೂ ಇರುತ್ತದೆ. ಮೂರು ವಾರ ಅನಾಥಾಶ್ರಮದಲ್ಲಿ ಪಾಠ, ಕೊನೆಗೊಂದು ಸರ್ಟಿಫಿಕೇಟು, ಶುಲ್ಕ ಲಕ್ಷದ ಮೇಲೆ.

ದಯವಿಟ್ಟು ಆ ದುಡ್ಡು ಕಟ್ಟಬೇಡಿ. ಕಾಂಬೋಡಿಯಾ, ನೇಪಾಳದ ಅನಾಥಾಶ್ರಮಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಂದುಹೋಗುವವರ ದುಡ್ಡಿನ ಆಸೆಗೆ ಮಕ್ಕಳನ್ನು ಮನೆಯಿಂದ ಕರೆತಂದು ಇಟ್ಟುಕೊಂಡ ಪ್ರಕರಣಗಳು ಎರಡೂ ದೇಶಗಳಲ್ಲಿ ಬಯಲಾಗಿವೆ. ಮೂರು ವಾರಕ್ಕೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಮುದ್ದಾಡಿ ಹೊರಟುಹೋದರೆ ಆ ಮಗುವಿನ ಗತಿ ಏನು ಹೇಳಿ?

ಸರಿಯಾದ ದಾರಿ ಬೇರೆ ಇದೆ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಶುರುವಾಗಿದ್ದು 1970ರ ನಿರ್ಣಯದಿಂದ. ಯುಎನ್‌ವಿ ಅಂತ ಕರೆಯುತ್ತಾರೆ. ಮುಖ್ಯ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಅರ್ಜಿಗಾಗಲಿ ಸಂದರ್ಶನಕ್ಕಾಗಲಿ ಅಲ್ಲಿ ಒಂದು ರೂಪಾಯಿಯೂ ಕೇಳುವುದಿಲ್ಲ. ಹೊರದೇಶಕ್ಕೆ ಆಯ್ಕೆಯಾದರೆ ಜೀವನ ಭತ್ಯೆ, ಪ್ರಯಾಣ, ಆರೋಗ್ಯ ವಿಮೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. 18ರಿಂದ 26 ವರ್ಷದವರಿಗೆ ಯುವ ವಿಭಾಗ. 27 ತುಂಬಿದವರು ಪರಿಣತರ ವಿಭಾಗಕ್ಕೆ ಹೋಗಬೇಕು, ಅಲ್ಲಿ ಕನಿಷ್ಠ 3 ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಎಲ್ಲಿ ಹೋದರೂ ಕೊನೆಗೆ ಬರುವ ಪ್ರಶ್ನೆ ಒಂದೇ: ನಿಮಗೆ ಯಾವ ಕೆಲಸ ಬರುತ್ತದೆ?

ಇದಕ್ಕೆ ಉತ್ತರ ಕಾಲೇಜಿನಲ್ಲೇ ಕಟ್ಟಿಕೊಳ್ಳಬಹುದು. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಕ್ಯಾಂಪ್. ಸರ್ಟಿಫಿಕೇಟಿಗೆ ಅಂತ ಸೇರುವವರೇ ಜಾಸ್ತಿ. ಆದರೆ ನಾನೇ ದೊಡ್ಡ ಪಾಠ ಕಲಿತದ್ದು ಅಲ್ಲಿ.

ನಾನು ನಡೆಸಿದ ಮೊದಲ ಕ್ಯಾಂಪಿನಲ್ಲಿ ಹುಡುಗರು ಬಚ್ಚಲು ನೀರಿಗೆ ಇಂಗುಗುಂಡಿ ತೋಡಿದ್ದರು. ಅಂಗೈಯಲ್ಲಿ ಬೊಬ್ಬೆ ಬರುವಷ್ಟು ದುಡಿದಿದ್ದರು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಗುಂಡಿ ತುಂಬ ಕಸ. ಆ ಊರಿನ ಹೆಂಗಸರು ಮೊದಲಿಂದಲೂ ಬಚ್ಚಲು ನೀರನ್ನು ಹಿತ್ತಲಿನ ಬಾಳೆಗೆ ಬಿಡುತ್ತಿದ್ದರು. ಅವರಿಗೆ ಗುಂಡಿ ಬೇಕಿರಲೇ ಇಲ್ಲ. "ನೀವು ಕೇಳ್ಳೇ ಇಲ್ವಲ್ಲ ಮೇಷ್ಟ್ರೇ" ಅಂದರು ಒಬ್ಬರು ಅಜ್ಜಿ. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಅವತ್ತಿನಿಂದ ನಮ್ಮ ಕ್ಯಾಂಪಿನಲ್ಲಿ ಮೊದಲ ಎರಡು ದಿನ ಗುದ್ದಲಿ ಮುಟ್ಟುವಂತಿಲ್ಲ. ಮನೆಮನೆಗೆ ಹೋಗಬೇಕು, ಜಗಲಿ ಮೇಲೆ ಕೂತು ಕೇಳಿಸಿಕೊಳ್ಳಬೇಕು. ನೀರು ಎಲ್ಲಿಂದ ತರುತ್ತಾರೆ, ಯಾರು ತರುತ್ತಾರೆ, ಯಾವುದು ಕಷ್ಟ ಅಂತ ಸಂಜೆ ಬರೆದಿಡಬೇಕು. ಒಂದು ವರ್ಷ ಲಂಬಾಣಿ ತಾಂಡಾದಲ್ಲಿದ್ದೆವು. ಅಲ್ಲಿನ ಹಿರಿಯರ ಮಾತು ಅರ್ಥವಾಗದೆ ನಮ್ಮ ಮಕ್ಕಳು ಮಂಕಾಗಿದ್ದರು. ಮೂರನೇ ದಿನಕ್ಕೆ ರೊಟ್ಟಿ ತಟ್ಟುವುದನ್ನು ಕಲಿಯುತ್ತಾ, ಒಂದೊಂದೇ ಪದ ಹಿಡಿಯುತ್ತಾ ನಗುತ್ತಿದ್ದರು. ಮಲಾವಿಗೆ ಹೋದರೂ ಲಾವೋಸ್‌ಗೆ ಹೋದರೂ ಮೊದಲ ತಿಂಗಳು ಹೀಗೇ ಇರುತ್ತದೆ.

ಬರೆದಿಟ್ಟದ್ದು ಅರ್ಜಿಗೂ ಬೇಕಾಗುತ್ತದೆ. "ಸಮಾಜಸೇವೆಯಲ್ಲಿ ಆಸಕ್ತಿ ಇದೆ" ಅಂತ ಎಲ್ಲರೂ ಬರೆಯುತ್ತಾರೆ. "38 ಮನೆಗಳ ನೀರಿನ ಲೆಕ್ಕ ತೆಗೆದು, ಎಕ್ಸೆಲ್‌ನಲ್ಲಿ ಹಾಕಿ ಪಂಚಾಯಿತಿಗೆ ಕೊಟ್ಟೆ" ಅಂತ ಬರೆದರೆ ಓದುವವರಿಗೆ ನೀವು ಯಾರು ಅಂತ ಗೊತ್ತಾಗುತ್ತದೆ.

ಸಾಧ್ಯವಾದರೆ ಡಿಗ್ರಿಯ ಮೂರು ವರ್ಷದಲ್ಲಿ ಫ್ರೆಂಚ್ ಕಲಿಯಿರಿ. ಸೆನೆಗಲ್, ಕ್ಯಾಮರೂನ್, ಕಾಂಗೊದಂಥ ದೇಶಗಳಲ್ಲಿ ಬರೀ ಇಂಗ್ಲಿಷ್ ಸಾಲದು. ಯುಎನ್‌ವಿಯಲ್ಲಿ ಮನೆಯಿಂದಲೇ ಮಾಡುವ ಆನ್‌ಲೈನ್ ಕೆಲಸವೂ ಇದೆ. 18 ತುಂಬಿರಬೇಕು. ವಾರಕ್ಕೆ ಹೆಚ್ಚೆಂದರೆ 20 ಗಂಟೆ, 12 ವಾರದೊಳಗೆ ಮುಗಿಯುತ್ತದೆ. ಅನುವಾದ, ವಿನ್ಯಾಸದಂಥ ಕೆಲಸ ಬರುವವರು ಮೊದಲು ಇದನ್ನೇ ಹಿಡಿಯಲಿ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ಇನಿಷಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಎಚ್.ಕೆ. ಅಂತಿರುತ್ತದೆ. ಪಾಸ್‌ಪೋರ್ಟಿಗೆ ಎಚ್ ಏನು, ಕೆ ಏನು ಅಂತ ಪೂರ್ತಿ ಬಿಡಿಸಿ ಬರೆಯಬೇಕು. ಎರಡು ಕಡೆ ಎರಡು ಹೆಸರಾದರೆ ಆಮೇಲೆ ಓಡಾಟ ತಪ್ಪಿದ್ದಲ್ಲ. ಮೊದಲ ವರ್ಷದಲ್ಲೇ ಇದನ್ನು ಸರಿಮಾಡಿಸಿಕೊಳ್ಳಿ. ಆಫ್ರಿಕಾದ ಹಲವು ದೇಶಗಳಿಗೆ ಯೆಲ್ಲೊ ಫೀವರ್ ಲಸಿಕೆಯೂ ಬೇಕು. ಹೊರಡುವ 10 ದಿನ ಮೊದಲಾದರೂ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡಿರಬೇಕು. ಲಸಿಕೆ ಹಾಕಿಸಿಕೊಂಡ ಕಾರ್ಡಿಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಇನ್ನು ಮನೆಯವರು. ಹೆಣ್ಣುಮಕ್ಕಳಿಗಂತೂ ಸಂದರ್ಶನಕ್ಕಿಂತ ಇದೇ ಕಷ್ಟ ಅಲ್ವಾ? ಅಪ್ಪ ಅಮ್ಮನ ಭಯವನ್ನು ಹಳೆಕಾಲದ್ದು ಅಂತ ತಳ್ಳಿಹಾಕಬೇಡಿ. ಎಲ್ಲಿ ಮಲಗುತ್ತೀಯ, ಜ್ವರ ಬಂದರೆ ಯಾರು ನೋಡುತ್ತಾರೆ, ಫೋನ್ ಸಿಗದಿದ್ದರೆ ನಾವು ಯಾರನ್ನು ಕೇಳಬೇಕು? ಅವರು ಕೇಳುವುದು ಇಷ್ಟೇ. ನೀವು ಸೇರುವ ಸಂಸ್ಥೆ ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಅದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಡಿ. ಬೇಕಿದ್ದರೆ ಅವರನ್ನು ಕಾಲೇಜಿಗೆ ಕರೆದುಕೊಂಡು ಬನ್ನಿ, ನಾವು ಮೂವರೂ ಕೂತು ಮಾತಾಡೋಣ.