ಕರ್ಟನ್ ಟ್ರ್ಯಾಕ್ ಕಾಣದ ಹಾಗೆ ಕೂರಿಸುವುದು: ಅಳತೆ ಎಲ್ಲಿಂದ ಹಿಡಿಯಬೇಕು?

ಕಳೆದ ವಾರ ನಮ್ಮ ಹಾಲ್‌ನ ಕಿಟಕಿಗೆ ಕರ್ಟನ್ ಹೊಲಿಸಿ ತಂದೆವು. ನೇತುಹಾಕಿದಾಗ ನೆಲದಿಂದ ಸುಮಾರು 5 ಇಂಚು ಮೇಲೇ ನಿಂತಿತು. ಟೈಲರ್ ತಪ್ಪು ಏನೂ ಇಲ್ಲ, ನಾನು ಕೊಟ್ಟ ಅಳತೆಗೇ ಹೊಲಿದಿದ್ದರು. ಇಂಟೀರಿಯರ್ ಕೋರ್ಸಿನಲ್ಲಿ ನನ್ನ ಜೊತೆ ಓದುತ್ತಿರುವವರಿಗೆ ಈ ತಪ್ಪು ಆಗದಿರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ರಾಡ್ ಮರೆಮಾಡುವ ದಾರಿಗಳು ನಿಮಗೆ ಗೊತ್ತಿರುವವೇ. ಒಂದು, ಕಿಟಕಿ ಮೇಲೆ ಮರದ ಪೆಲ್ಮೆಟ್, ಅಂದರೆ ರಾಡನ್ನು ಮುಂದಿನಿಂದ ಮುಚ್ಚುವ ಪೆಟ್ಟಿಗೆ. ಎರಡು, ಫಾಲ್ಸ್ ಸೀಲಿಂಗ್ (ಛಾವಣಿಯ ಕೆಳಗೆ ಕಟ್ಟುವ ಎರಡನೇ ಸೀಲಿಂಗ್) ಮಾಡಿಸುವಾಗಲೇ ಗೋಡೆ ಪಕ್ಕ ಬಿಡುವ ಖಾಲಿ ಸಂದು, ಅಂದರೆ ಕರ್ಟನ್ ಪಾಕೆಟ್. ಮೂರು, ಬಾಡಿಗೆ ಮನೆಯವರಿಗೆ ಸುಲಭವಾದದ್ದು: ಬಟ್ಟೆಯ ಹಿಂದೆ ಪಟ್ಟಿ ಹೊಲಿಸಿ ರಾಡ್ ಅದರೊಳಗೆ ತೂರಿಸುವುದು. ಐಲೆಟ್ ಕರ್ಟನ್‌ನಲ್ಲಿ ರಾಡ್ ಬಳೆಗಳ ಒಳಗೆ ಹಾದು ಮುಂದೆ ಕಂಡೇ ಕಾಣುತ್ತದೆ. ಹಾಗಾಗಿ ಪಾಕೆಟ್ ಇರುವ ಕಡೆ ಐಲೆಟ್ ಬೇಡ. ಅಲ್ಯೂಮಿನಿಯಂ ಟ್ರ್ಯಾಕ್, ಅದರಲ್ಲಿ ಜಾರುವ ರನ್ನರ್, ಅದಕ್ಕೆ ಸಿಕ್ಕಿಸುವ ಹುಕ್ ಇರುವ ಪ್ಲೀಟೆಡ್ (ನೆರಿಗೆಯ) ಕರ್ಟನ್ನೇ ಸರಿ.

ಈಗ ನಾನು ಎಡವಿದ ಜಾಗ. ಪಾಕೆಟ್ ಇರುವ ಗೋಡೆಯಲ್ಲಿ ಎರಡು ಗೆರೆ ಇರುತ್ತವೆ. ಒಂದು ಕಣ್ಣಿಗೆ ಕಾಣುವ ಗೆರೆ, ಅಂದರೆ ಫಾಲ್ಸ್ ಸೀಲಿಂಗ್‌ನ ಅಂಚು. ಇನ್ನೊಂದು ಬಟ್ಟೆ ತೂಗುವ ಗೆರೆ, ಅಂದರೆ ಟ್ರ್ಯಾಕ್‌ನ ತಳ. ಕರ್ಟನ್ ಅಂಚಿನಿಂದ ಶುರುವಾದ ಹಾಗೆ ಕಾಣುತ್ತದೆ, ಆದರೆ ನಿಜವಾಗಿ ಶುರುವಾಗುವುದು ಮೇಲೆ, ಮರೆಯಲ್ಲಿ. ನಾನು ಟೇಪು ಹಿಡಿದದ್ದು ಕಾಣುವ ಗೆರೆಯಿಂದ.

ಲೆಕ್ಕ ಹಾಕಿ ನೋಡಿ. ನೆಲದಿಂದ ಸ್ಲ್ಯಾಬ್‌ಗೆ, ಅಂದರೆ ಕಾಂಕ್ರೀಟ್ ಛಾವಣಿಗೆ, 120 ಇಂಚು. ಫಾಲ್ಸ್ ಸೀಲಿಂಗ್ 6 ಇಂಚು ಕೆಳಗಿದೆ, ಅಂದರೆ ಅಂಚು 114ರಲ್ಲಿ. ನೆಲಕ್ಕೆ ಅರ್ಧ ಇಂಚು ಬಿಟ್ಟು ನಾನು 113.5 ಬರೆದುಕೊಟ್ಟೆ. ಆದರೆ ಸ್ಲ್ಯಾಬ್‌ಗೆ ಕೂರಿಸಿದ್ದ ಪ್ಲೈ ಪಟ್ಟಿ ಮುಕ್ಕಾಲು ಇಂಚು, ಟ್ರ್ಯಾಕ್ ಇನ್ನೊಂದು ಮುಕ್ಕಾಲು. 120ರಲ್ಲಿ ಒಂದೂವರೆ ಕಳೆದರೆ ಟ್ರ್ಯಾಕ್ ತಳ 118.5ರಲ್ಲಿ. ಅಲ್ಲಿಂದ 113.5 ಇಂಚಿನ ಬಟ್ಟೆ ಇಳಿದರೆ ಕೆಳಗೆ 5 ಇಂಚು ಖಾಲಿ. ಸರಿಯಾದ ಅಳತೆ 118.

ಸೀಲಿಂಗ್ ಕೆಲಸ ಆಗುವ ಮೊದಲೇ ಬಟ್ಟೆಗೆ ಅಳತೆ ಕೊಡುವವರು ಇನ್ನೂ ಜಾಗ್ರತೆ. ಆಗ ಎರಡೂ ಗೆರೆ ಇನ್ನೂ ಹುಟ್ಟಿರುವುದಿಲ್ಲ, ಎಲ್ಲ ಡ್ರಾಯಿಂಗ್‌ನಲ್ಲೇ ಇರುತ್ತದೆ. ಟ್ರ್ಯಾಕ್ ಕೂರಿಸಿ, ರನ್ನರ್ ಹಾಕಿ, ಆಮೇಲೆ ಅಳೆಯಿರಿ. ಕಿಟಕಿಯ ಎಡ, ಮಧ್ಯ, ಬಲ ಮೂರೂ ಕಡೆ ಅಳೆಯಬೇಕು, ಯಾಕೆಂದರೆ ಟೈಲ್ಸ್ ನೆಲ ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ. ಕಡಿಮೆ ಬಂದ ಅಳತೆಯನ್ನೇ ಹಿಡಿಯಿರಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ ಹುಕ್. ಗೋಡೆಗೆ ಹಾಕುವ ಟ್ರ್ಯಾಕ್ ಆದರೆ ಹುಕ್ ಸ್ವಲ್ಪ ಕೆಳಗೆ ಹಾಕಿ, ಬಟ್ಟೆಯ ತಲೆ ಟ್ರ್ಯಾಕನ್ನು ಮುಚ್ಚುವ ಹಾಗೆ ಮಾಡುತ್ತಾರೆ. ಸ್ಲ್ಯಾಬ್‌ಗೆ ಹಾಕುವ ಟ್ರ್ಯಾಕ್‌ಗೆ ಹಾಗೆ ಮಾಡಿದರೆ ತಲೆ ಮೇಲೆ ಉಜ್ಜಿ ಮಡಚಿಕೊಳ್ಳುತ್ತದೆ. ಹುಕ್ ಆದಷ್ಟು ಮೇಲಂಚಿನಲ್ಲೇ ಇರಲಿ ಅಂತ ಟೈಲರ್‌ಗೆ ಬಾಯಿಬಿಟ್ಟು ಹೇಳಿ.

ಟ್ರ್ಯಾಕ್ ನಿಜವಾಗಿ ಮರೆಯಾಗುತ್ತದಾ ಅಂತ ನೋಡಲು ನನಗೆ ತುಂಬಾ ಇಷ್ಟವಾದ ಉಪಾಯ ಒಂದು ದಾರ. ಒಬ್ಬರು ಸೋಫಾದಲ್ಲಿ ಕೂತು ದಾರದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ಇನ್ನೊಬ್ಬರು ಏಣಿ ಹತ್ತಿ, ದಾರವನ್ನು ಸೀಲಿಂಗ್ ಅಂಚಿಗೆ ತಾಗಿಸಿಕೊಂಡೇ ಪಾಕೆಟ್ ಒಳಗೆ ಬಿಗಿಯಾಗಿ ಎಳೆಯಬೇಕು. ದಾರಕ್ಕಿಂತ ಮೇಲಿರುವುದು ಕಾಣುವುದಿಲ್ಲ, ಕೆಳಗಿರುವುದು ಕಾಣುತ್ತದೆ. ಅಷ್ಟೇ.

ನಮ್ಮ ಪಾಕೆಟ್ ಅಗಲ 6 ಇಂಚು, ಟ್ರ್ಯಾಕ್ ಅಂಚಿನಿಂದ 3 ಇಂಚು ಹಿಂದೆ. ಸೋಫಾದಲ್ಲಿ ಕೂತಾಗ ಕಣ್ಣು 44 ಇಂಚು ಎತ್ತರದಲ್ಲಿ, ಅಂಚಿನಿಂದ 120 ಇಂಚು ದೂರದಲ್ಲಿ. ಕಣ್ಣಿನಿಂದ ಅಂಚಿಗೆ ದಾರ 70 ಇಂಚು ಏರುತ್ತದೆ. ಅದೇ ಓರೆಯಲ್ಲಿ ಇನ್ನು 3 ಇಂಚು ಒಳಗೆ ಹೋದರೆ ಒಂದು ಮುಕ್ಕಾಲು ಇಂಚು ಏರಿ 115.75 ಮುಟ್ಟುತ್ತದೆ. ಟ್ರ್ಯಾಕ್ ತಳ ಅದಕ್ಕಿಂತ ಮೇಲೆ, 118.5ರಲ್ಲಿ. ಪೂರ್ತಿ ಮರೆ! ಆದರೆ ಅಂಚಿನಿಂದ 2 ಅಡಿ ದೂರದಲ್ಲಿ ನಿಂತು ಮೇಲೆ ನೋಡಿದರೆ ದಾರ ತುಂಬಾ ಕಡಿದಾಗುತ್ತದೆ, ಪಾಕೆಟ್‌ನ ಒಳಗೆಲ್ಲ ಕಾಣುತ್ತದೆ. ಅದಕ್ಕೇ ಪಾಕೆಟ್ ಒಳಗೂ ಸೀಲಿಂಗ್ ಬಣ್ಣವನ್ನೇ ಹೊಡೆಸಿ, ಬಿಳಿ ಟ್ರ್ಯಾಕ್ ತಗೊಳ್ಳಿ. ಪೆಲ್ಮೆಟ್ ಎಷ್ಟು ಇಳಿಯಬೇಕು ಅನ್ನುವುದನ್ನೂ ಇದೇ ದಾರದಿಂದ ತಿಳಿಯಬಹುದು. ಸುಮ್ನೆ ಜಾಸ್ತಿ ಇಳಿಸಿ ಬೆಳಕು ಕಳೆದುಕೊಳ್ಳುವುದು ಯಾಕೆ, ಅಲ್ವಾ?

ಉಳಿದದ್ದು ಬೇಗ ಹೇಳುತ್ತೇನೆ. ಟ್ರ್ಯಾಕನ್ನು ಫಾಲ್ಸ್ ಸೀಲಿಂಗ್‌ನ ಜಿಪ್ಸಮ್ ಬೋರ್ಡ್‌ಗೆ ಮಾತ್ರ ಸ್ಕ್ರೂ ಮಾಡಬೇಡಿ. 12.5 ಮಿ.ಮೀ. ಬೋರ್ಡ್ ಭಾರವಾದ ಬಟ್ಟೆಯನ್ನೂ ದಿನದ ಎಳೆತವನ್ನೂ ತಡೆಯುವುದಿಲ್ಲ. ಸ್ಲ್ಯಾಬ್‌ಗೆ ಪ್ಲಗ್ ಹಾಕಿ ಕೂರಿಸಿ. ತೆಳು ಪರದೆಯೂ ಸೇರಿ ಎರಡು ಟ್ರ್ಯಾಕ್ ಬೇಕಾದರೆ 8 ಇಂಚು ಅಗಲ ಬಿಡಿಸಿ. ಕರಾವಳಿ, ಮಲೆನಾಡಿನ ತೇವಕ್ಕೆ ಪೆಲ್ಮೆಟ್‌ಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಊದಿಕೊಳ್ಳುತ್ತದೆ. ನೀರು ತಡೆಯುವ ಮರೀನ್ ಪ್ಲೈ, ಐಎಸ್ 710 ಗುರುತಿನದ್ದು (ಅದಕ್ಕಿರುವ ಭಾರತೀಯ ಮಾನಕ), ಕೇಳಿ.

ನಮ್ಮ ಕರ್ಟನ್ ಉಳಿಯಿತು. ಕೆಳಗೆ 4 ಇಂಚಿನ ಜೋಡಿ ಮಡಿಕೆ (ಎರಡು ಸಲ ಮಡಚಿ ಹೊಲಿದದ್ದು) ಇತ್ತು, ಬಿಚ್ಚಿದಾಗ 8 ಇಂಚು ಬಟ್ಟೆ ಸಿಕ್ಕಿತು. ಅಗಲವಾದ ಮಡಿಕೆ ಇಡಿ ಅಂತ ಅಮ್ಮ ಟೈಲರ್‌ಗೆ ಹೇಳಿದ್ದರು. ನಾಲ್ಕೂವರೆ ಇಂಚು ಕೆಳಗಿಳಿಸಿ, ಮಿಕ್ಕ ಮೂರೂವರೆಯಲ್ಲಿ ಒಂದು ಮುಕ್ಕಾಲು ಇಂಚಿನ ಜೋಡಿ ಮಡಿಕೆ ಹಾಕಿಸಿದೆವು. ಈಗ ನೆಲಕ್ಕೆ ಸರಿಯಾಗಿ ಅರ್ಧ ಇಂಚು ಉಳಿದಿದೆ.