ಅಥಣಿಯ ಚಪ್ಪಲಿಗೆ ಮಿಲಾನ್ ಬೆಲೆ

ಓದುಗರ ಪ್ರಶ್ನೆ: ನಮ್ಮ ಕಡೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಕೊಲ್ಹಾಪುರಿ ಚಪ್ಪಲಿ ವಿದೇಶದಲ್ಲಿ ಅಷ್ಟು ದುಬಾರಿ ವಸ್ತುವಾದದ್ದು ಹೇಗೆ?

ಬೆಲೆ ಏರಿಸಿದ್ದು ಇಟಲಿಯ ಮಿಲಾನ್ ನಗರದ ದುಬಾರಿ ಫ್ಯಾಷನ್ ಬ್ರ್ಯಾಂಡ್ ಪ್ರಾಡಾದ ಹೆಸರು. ಆದರೆ ಆ ಬ್ರ್ಯಾಂಡಿನವರ ಕಣ್ಣು ಈ ಚಪ್ಪಲಿಯ ಮೇಲೆಯೇ ಏಕೆ ಬಿತ್ತು ಎಂಬುದನ್ನು ತಿಳಿಯಲು ಅಥಣಿ, ನಿಪ್ಪಾಣಿ, ಕೊಲ್ಹಾಪುರಗಳ ಚರ್ಮಕಾರರ ಕೆಲಸವನ್ನು ನೋಡಬೇಕು.

ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳ ರಸದಲ್ಲಿ ಹದ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಆ ರಸ ತುಂಬಿ ತೂಗುಹಾಕುತ್ತಾರೆ. ರಸ ಜಿನುಗುತ್ತ ಜಿನುಗುತ್ತ ಚರ್ಮ ಹದಕ್ಕೆ ಬರಲು ವಾರಗಳೇ ಬೇಕು. ಅಟ್ಟೆಯ ಪದರಗಳನ್ನು ಕೂಡಿಸಲು ಮೊಳೆ ಹೊಡೆಯುವುದಿಲ್ಲ. ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರು, ಪಟ್ಟಿಯ ಮೇಲಿನ ಸಣ್ಣ ಜಡೆ ಹೆಣೆಯುವುದು ಹೆಂಗಸರು. ಗಿರಾಕಿಯ ಕಣ್ಣು ಮೊದಲು ನಿಲ್ಲುವುದು ಆ ಜಡೆಯ ಮೇಲೆ. ಹೆಣೆದವಳ ಹೆಸರು ಮಾತ್ರ ಯಾವ ಅಂಗಡಿಯಲ್ಲೂ ಕಾಣುವುದಿಲ್ಲ, ಇದು ನನ್ನನ್ನು ಬಹಳ ಕಾಡುತ್ತದೆ.

ಬಿಸಿಲಿಗೆ ಕಾದ ನೆಲಕ್ಕೆ ದಪ್ಪ ಅಟ್ಟೆ, ಹಿಡಿತಕ್ಕೆ ಹೆಬ್ಬೆರಳಿನ ಉಂಗುರ, ಪಾದದ ಮೇಲೆ ಅಗಲವಾದ ಪಟ್ಟಿ. ಮೆಟ್ಟಿದಷ್ಟೂ ಅದು ಪಾದಕ್ಕೆ ಒಗ್ಗುತ್ತದೆ. ತಲೆಮಾರುಗಳ ಬಳಕೆಯಲ್ಲಿ ಪಳಗಿದ ಈ ರೂಪವೇ ಉತ್ತಮ ವಿನ್ಯಾಸ. ಮಿಲಾನ್ ಅದನ್ನು ಹುಟ್ಟಿಸಲಿಲ್ಲ, ತಡವಾಗಿ ಗುರುತಿಸಿತು.

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ರೂಪದ ಚಪ್ಪಲಿಗಳನ್ನು ಮೂಲದ ಉಲ್ಲೇಖವಿಲ್ಲದೆ ತೋರಿಸಿತು. ಕೊಲ್ಹಾಪುರಿ ಚಪ್ಪಲಿಗೆ 2019ರಿಂದಲೇ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಇಂಥ ಪ್ರದೇಶದ ವಿಶಿಷ್ಟ ಉತ್ಪನ್ನ ಎಂಬ ಕಾನೂನಿನ ಗುರುತು ಇದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಹೆಸರು ಕೊಲ್ಹಾಪುರದ ಪೇಟೆಯದಾದರೂ ಕಸುಬು ಎರಡೂ ರಾಜ್ಯಗಳದು. ಆದರೆ ಇಲ್ಲಿನ ನೋಂದಣಿಯ ಬಲ ಭಾರತದೊಳಗಷ್ಟೇ. ಇಟಲಿಯಲ್ಲಿ ಅದು ನಡೆಯುವುದಿಲ್ಲ.

ಕಾನೂನಿನಿಂದ ಆಗದ್ದು ಜನರ ಸಿಟ್ಟಿನಿಂದ ಆಯಿತು. ಕಂಪನಿ ಭಾರತದ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಎಂಬ ಸರ್ಕಾರಿ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದಕ್ಕೆ ಬಂದು, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸಿ ತಲಾ ಸುಮಾರು 800 ಯೂರೊಗೆ ಮಾರುವುದಾಗಿ ಘೋಷಿಸಿತು. ಅದರಲ್ಲಿ ಎಷ್ಟು ಪಾಲು ಹೊಲಿದ, ಹೆಣೆದ ಕೈಗಳಿಗೆ ಸೇರುತ್ತದೆ ಎಂಬ ಲೆಕ್ಕವನ್ನು ಎರಡೂ ನಿಗಮಗಳು ಬಹಿರಂಗಪಡಿಸಬೇಕು.